ನಾಯಿಗೆ ಎರಡನೇ ಡಾಕ್ಟ್ರಾ? ಹೌದ್ರೀ, ನಾಯಿಗೂ!

ರಜೆಗೆ ಊರಿಗೆ ಹೋದಾಗ ಪ್ರತಿ ಸಲ ಒಂದು ಸ್ವಾಗತ ತಪ್ಪದೆ ಸಿಗುತ್ತಿತ್ತು. ಬಸ್ಸು ಅಗಸಿ ಹತ್ತಿರ ನಿಂತರೆ ಸಾಕು, ನಮ್ಮ ಮೋತ್ಯಾ ಎಲ್ಲಿದ್ದರೂ ಓಡಿ ಬಂದು ನನ್ನ ಬ್ಯಾಗಿನ ಮೇಲೆ ಕಾಲಿಡುತ್ತಿದ್ದ. ಈ ದೀಪಾವಳಿಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಕಟ್ಟೆಯ ಕೆಳಗೆ ಮಲಗಿದ್ದ. ಬಾಲ ಅಲ್ಲಾಡಿಸಿದ, ಕಷ್ಟಪಟ್ಟು ಎದ್ದ, ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕುಂತ. ಎಡ ಹಿಂಗಾಲಿನ ಬೆರಳ ತುದಿ ಅಷ್ಟೇ ನೆಲಕ್ಕೆ ತಾಗುತ್ತಿತ್ತು.

"ಎರಡ ತಿಂಗಳಾತು. ಡಾಕ್ಟ್ರಿಗೆ ತೋರಿಸೇವಿ. ವಯಸ್ಸಾತು, ಇನ್ನ ಹಿಂಗ ಅಂದ್ರು" ಎಂದರು ಅಪ್ಪ.

"ಮತ್ತೊಬ್ಬ ಡಾಕ್ಟ್ರಿಗೆ ತೋರಸೂಣೇನಪ್ಪಾ?" ಅಂದೆ.

ಅಪ್ಪ ಸುಮ್ಮನಾದರು. ಕಾಕಾ ಮಾತ್ರ ಜೋರಾಗಿ ನಕ್ಕ. "ನಾಯಿಗೆ ಎರಡನೇ ಡಾಕ್ಟ್ರಾ? ಎಂಜಿನಿಯರಿಂಗ್ ಓದಾಕ ಹೋಗಿ ಇಕಿ ತಲಿ ಕೆಟ್ಟೈತಿ ನೋಡ್ರಿ!"

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಮನೆಯ ಹಿತ್ತಲಲ್ಲೋ ಹೊಲದ ಮನೆಯಲ್ಲೋ ಒಂದು ಮುದಿ ನಾಯಿ ಇದ್ದೇ ಇರುತ್ತದೆ. ಅದಕ್ಕೇ ಈ ಲೇಖನ. ನಾನು ಹೇಳಬೇಕೆಂದಿರುವುದು ಇಷ್ಟೇ: ವಯಸ್ಸು ಅನ್ನುವುದು ರೋಗದ ಹೆಸರಲ್ಲ. ಕುಂಟುವ ನಾಯಿಯನ್ನು ಎರಡನೇ ಡಾಕ್ಟರಿಗೆ ತೋರಿಸಿದರೆ ಮೊದಲನೇ ಡಾಕ್ಟರಿಗೆ ಅವಮಾನವೂ ಅಲ್ಲ.

ಕಾಕಾನ ಮಾತಿಗೇ ಮೊದಲು ಉತ್ತರ ಕೊಡ್ತೀನಿ. ನಮ್ಮ ಕಡೆ ಎರಡನೇ ಅಭಿಪ್ರಾಯ ಹೊಸದೇನಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಾಲ್ಕು ಮಂದಿಯಿಂದ ಹಲ್ಲು ನೋಡಿಸುತ್ತೇವೆ, ನಡೆಸಿ ನೋಡುತ್ತೇವೆ. ಟ್ರ್ಯಾಕ್ಟರ್ ಗೇರ್ ಬಾಕ್ಸಿನಲ್ಲಿ ಸದ್ದು ಬಂದರೆ ಒಬ್ಬ ಮೇಸ್ತ್ರಿ ಹೇಳಿದ್ದಕ್ಕೆ ರೊಕ್ಕ ಬಿಚ್ಚುವುದಿಲ್ಲ. ಅಜ್ಜಿಯ ಮೊಳಕಾಲು ನೋವಿಗೆ ಬೆಳಗಾವಿಗೂ ಹೋಗಿದ್ದೇವೆ, ಹುಬ್ಬಳ್ಳಿಗೂ ಹೋಗಿದ್ದೇವೆ. ಅಂದರೆ ಪದ್ಧತಿ ಇದೆ, ನಾಯಿಯನ್ನು ಮಾತ್ರ ಆ ಪಟ್ಟಿಯಲ್ಲಿ ಸೇರಿಸಿಲ್ಲ.

ಇದರಲ್ಲೊಂದು ವಿಚಿತ್ರ ಇದೆ. ರಾಮದುರ್ಗದ ಆಚೆ ಮುಧೋಳ. ಅಲ್ಲಿನ ಬೇಟೆ ನಾಯಿಯ ಬಗ್ಗೆ ನಮಗೆಲ್ಲಾ ಅಭಿಮಾನ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಆ ತಳಿಗಾಗಿಯೇ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತದೆ. ನಮ್ಮ ಮೋತ್ಯಾನ ಮೈಯಲ್ಲೂ ಅರ್ಧ ಮುಧೋಳದ ರಕ್ತ ಇದೆ ಅಂತ ಅಪ್ಪ ಬಂದವರಿಗೆಲ್ಲಾ ಹೇಳುತ್ತಿದ್ದರು. ಓಡುವ ನಾಯಿಯ ಮೇಲೆ ಅಷ್ಟು ಅಭಿಮಾನ ಇರುವ ನಮಗೆ, ಅದೇ ನಾಯಿ ಓಡಲಾರದಾದಾಗ "ವಯಸ್ಸಾತು ಬಿಡ್ರಿ" ಅನ್ನುವುದು ಎಷ್ಟು ಸಲೀಸು!

ಈಗ ಎಂಜಿನಿಯರುಗಳ ಭಾಷೆಗೆ ಬರೋಣ. ಕುಂಟುವುದು ಒಂದು ಲಕ್ಷಣ ಮಾತ್ರ. ಪ್ರೋಗ್ರಾಮ್ ಓಡುತ್ತಿಲ್ಲ ಅಂದಂತೆ. ಕಾರಣ ಹತ್ತು ಇರಬಹುದು. ಪಾದದಲ್ಲಿ ಮುಳ್ಳು ಮುರಿದಿರಬಹುದು, ಉಗುರು ಬೆಳೆದು ಒಳಗೆ ಚುಚ್ಚಿರಬಹುದು. ಕೀಲು ಸವೆದಿರಬಹುದು. ಮೊಳಕಾಲಿನ ಲಿಗಮೆಂಟ್ ಹರಿದಿರಬಹುದು. ಸೊಂಟದ ಕೀಲು ಸಡಿಲವಾಗಿರಬಹುದು, ಬೆನ್ನುಹುರಿಯ ಮೇಲೆ ಒತ್ತಡ ಇರಬಹುದು. ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಕೀಲು ಬಾತು ನಾಯಿ ಕುಂಟುತ್ತದೆ. ದೊಡ್ಡ ಮೈಕಟ್ಟಿನ ಮುದಿ ನಾಯಿಯಾದರೆ ಮೂಳೆಯ ಕ್ಯಾನ್ಸರನ್ನೂ ಮರೆಯುವಂತಿಲ್ಲ. ಇವುಗಳಲ್ಲಿ ಕೆಲವು ಚಿಮುಟದಲ್ಲಿ ಮುಗಿಯುತ್ತವೆ, ಕೆಲವಕ್ಕೆ ಗುಳಿಗೆ ಸಾಕು, ಕೆಲವಕ್ಕೆ ಆಪರೇಷನ್ ಬೇಕು. "ವಯಸ್ಸಾತು" ಅನ್ನುವ ಒಂದೇ ಮಾತು ಇವೆಲ್ಲವನ್ನೂ ಮುಚ್ಚಿಬಿಡುತ್ತದೆ.

ಹಾಗಾದರೆ ಮೊದಲನೇ ಡಾಕ್ಟ್ರು ದಡ್ಡರೇ? ಖಂಡಿತ ಅಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಇದೇ ಡಾಕ್ಟ್ರು ಹಗಲು ರಾತ್ರಿ ಹಳ್ಳಿಹಳ್ಳಿ ತಿರುಗಿದ್ದನ್ನು ನಾವು ನೋಡಿದ್ದೇವೆ. ನಮ್ಮ ಎಮ್ಮೆ ಉಳಿದದ್ದು ಅವರಿಂದಲೇ. ನಮ್ಮ ಕಡೆ "ದನದ ಡಾಕ್ಟ್ರು" ಅನ್ನುವ ಹೆಸರಿನಲ್ಲೇ ಅವರ ಕೆಲಸ ಏನು ಅಂತ ಇದೆ. ಹಾಲು, ಎತ್ತು, ಕುರಿ, ಲಸಿಕೆ. ಕ್ಯೂನಲ್ಲಿ ಹತ್ತು ದನ ನಿಂತಿರುವಾಗ ನಾಯಿಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ನಾವು ಅವರಿಗೆ ಹೇಳಿದ್ದಾದರೂ ಏನು? "ಕುಂಟಾಕ ಹತ್ತೈತ್ರೀ." ಅಷ್ಟೇ.

ಇಲ್ಲಿ ನಮ್ಮ ಮನೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವರು ಒಂದು ಇಂಜೆಕ್ಷನ್ ಕೊಟ್ಟರು, ನಾಲ್ಕು ದಿನ ಮೋತ್ಯಾ ಚಲೋ ನಡೆದ, ಐದನೇ ದಿನ ಮತ್ತೆ ಕುಂಟಿದ. ಮತ್ತೆ ಒಂದು ಇಂಜೆಕ್ಷನ್. ಯಾವ ಔಷಧ ಅಂತ ನಾವು ಕೇಳಲಿಲ್ಲ, ಚೀಟಿ ಇಟ್ಟುಕೊಳ್ಳಲಿಲ್ಲ. ಅದರ ನಡುವೆ ಅಪ್ಪ ಅಜ್ಜಿಯ ಮೊಳಕಾಲಿನ ಗುಳಿಗೆಯಲ್ಲಿ ಅರ್ಧ ಮುರಿದು ರೊಟ್ಟಿಯಲ್ಲಿಟ್ಟು ಮೂರು ದಿನ ತಿನ್ನಿಸಿದ್ದರು. ಪ್ರೀತಿಯಿಂದಲೇ. ನಾಯಿ ವಾಂತಿ ಮಾಡಿತು, ಕಪ್ಪಗೆ ಕಕ್ಕಸು ಮಾಡಿತು. ಅದನ್ನೂ ಡಾಕ್ಟರಿಗೆ ಹೇಳಲಿಲ್ಲ. "ಬೈತಾರ" ಅಂತ ಹೆದರಿಕೆ.

ಆ ಗುಳಿಗೆ ಡೈಕ್ಲೋಫೆನಾಕ್. ಇದನ್ನು ದಯವಿಟ್ಟು ಮನೆಗೆ ಫೋನ್ ಮಾಡಿ ಹೇಳಿ: ಮನುಷ್ಯರ ನೋವಿನ ಗುಳಿಗೆ ನಾಯಿಗೆ ಕೊಡಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸಬಹುದು, ಮೂತ್ರಪಿಂಡ ಕೆಡಿಸಬಹುದು. ಕಪ್ಪು ಕಕ್ಕಸು ಆ ರಕ್ತದ್ದೇ ಗುರುತು. ಇದರ ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಏನಾದರೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಂದಹಾಗೆ ಡೈಕ್ಲೋಫೆನಾಕನ್ನು ಪಶುಗಳಿಗೆ ಬಳಸುವುದನ್ನೇ ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಿದರು. ಅದಕ್ಕೆ ಕಾರಣ ಬೇರೆ. ಆ ಔಷಧ ಪಡೆದು ಸತ್ತ ದನಗಳನ್ನು ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತಿದ್ದವು.

ಕೊನೆಗೆ ಅಪ್ಪ ಒಪ್ಪಿದರು. ಮಾವನ ಓಮ್ನಿಯಲ್ಲಿ ಹಿಂದಿನ ಸೀಟು ತೆಗೆದು ಕೌದಿ ಹಾಸಿ ಮೋತ್ಯಾನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ಎರಡನೇ ಡಾಕ್ಟರು ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದರು. ಯಾವಾಗಿನಿಂದ? ಒಮ್ಮೆಲೇ ಶುರುವಾಯಿತೋ, ನಿಧಾನಕ್ಕೋ? ಬೆಳಿಗ್ಗೆ ಜಾಸ್ತಿಯೋ, ಓಡಾಡಿದ ಮೇಲೆ ಜಾಸ್ತಿಯೋ? ಏನೇನು ಔಷಧ ಕೊಟ್ಟಿದ್ದೀರಿ? ಅಪ್ಪ ತಲೆ ತಗ್ಗಿಸಿ ಗುಳಿಗೆಯ ವಿಷಯ ಹೇಳಿದರು. ಆಮೇಲೆ ನಾಯಿಯನ್ನು ನಡೆಸಿ ನೋಡಿದರು. ಮಲಗಿಸಿ ಎರಡೂ ತೊಡೆ ಹಿಡಿದು ತೋರಿಸಿದರು. ಎಡ ತೊಡೆ ಬಲಗಡೆಗಿಂತ ಸಣ್ಣಗಾಗಿತ್ತು. ಒಂದು ಕೈಯಲ್ಲಿ ತೊಡೆಮೂಳೆ ಭದ್ರವಾಗಿ ಹಿಡಿದು ಇನ್ನೊಂದು ಕೈಯಲ್ಲಿ ಮೊಳಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರು. ಟೇಬಲ್ಲಿನ ಡ್ರಾಯರ್ ಎಳೆದಂತೆ ಅದು ಮುಂದೆ ಸರಿಯಿತು. ಸರಿಯಬಾರದಂತೆ. ತಡೆದು ಹಿಡಿಯಬೇಕಾದ ಲಿಗಮೆಂಟ್ ಹರಿದಿತ್ತು. ಕ್ರಿಕೆಟ್, ಕಬಡ್ಡಿ ಆಡುವವರು ಕಾಲು ತಿರುಚಿಕೊಂಡು ಹರಿದುಕೊಳ್ಳುತ್ತಾರಲ್ಲ, ಅದೇ ಲಿಗಮೆಂಟು.

ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದರೂ ಎಕ್ಸ್‌ರೇ ತೆಗೆಸಿದರು, ಮೂಳೆಯಲ್ಲಿ ಗಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಗಡ್ಡೆ ಇರಲಿಲ್ಲ, ಕೀಲು ಸವೆದಿತ್ತು. ಅಂದರೆ ಮೊದಲನೇ ಡಾಕ್ಟ್ರು ಹೇಳಿದ್ದು ಪೂರ್ತಿ ತಪ್ಪಲ್ಲ, ಅರ್ಧ ಸರಿ. ಆ ಉಳಿದ ಅರ್ಧಕ್ಕೇ ನಾವು ಓಮ್ನಿ ಮಾಡಿಕೊಂಡು ಹೋಗಿದ್ದು.

ಆಪರೇಷನ್ ಮಾಡಿಸಬಹುದು ಎಂದರು. ಆದರೆ ಹೊಟ್ಟೆ ಮೊದಲು ವಾಸಿಯಾಗಬೇಕು, ವಯಸ್ಸು ಹತ್ತು, ಖರ್ಚೂ ಇದೆ. ಇನ್ನೊಂದು ದಾರಿ: ತೂಕ ಇಳಿಸುವುದು, ಕೆಲವು ವಾರ ಕಟ್ಟಿಹಾಕಿ ವಿಶ್ರಾಂತಿ, ಹಗ್ಗ ಹಿಡಿದು ಸ್ವಲ್ಪ ಸ್ವಲ್ಪ ನಡೆಸುವುದು, ರಕ್ತ ಪರೀಕ್ಷೆ ನೋಡಿ ನಾಯಿಗೆಂದೇ ಇರುವ ನೋವಿನ ಔಷಧ. ನಾವು ಎರಡನೆಯದನ್ನು ಆರಿಸಿದೆವು. ಗಾಡಿ, ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲಾ ಸೇರಿ 3,000 ರೂಪಾಯಿ ಹತ್ತಿರ ಹೋಯಿತು. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೆ ಗೊತ್ತಿಲ್ಲದ ಇಂಜೆಕ್ಷನ್ನಿಗೆ ವಾರವಾರ ಕೊಡುತ್ತಾ ಹೋಗಿದ್ದರೆ ಅಷ್ಟೇ ಆಗುತ್ತಿತ್ತು.

ನೀವು ಹೋಗುವುದಾದರೆ ಹೀಗೆ ಹೋಗಿ.

ಮೊದಲು ವಿಡಿಯೋ ಮಾಡಿ. ದವಾಖಾನೆಯ ವಾಸನೆಗೆ ನಾಯಿ ಹೆದರಿ ಕುಂಟುವುದನ್ನೇ ಮರೆಯುತ್ತದೆ. ಸಿಮೆಂಟಿನ ನೆಲದ ಮೇಲೆ ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ನಾಯಿ ನಿಂತಾಗ ಮೈಭಾರದ ಸುಮಾರು 60 ಭಾಗ ಮುಂಗಾಲುಗಳ ಮೇಲೆ, 40 ಭಾಗ ಹಿಂಗಾಲುಗಳ ಮೇಲೆ ಇರುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೆತ್ತುತ್ತದೆ, ಚಲೋ ಕಾಲು ತಾಗುವಾಗ ತಲೆ ತಗ್ಗಿಸುತ್ತದೆ. ಮೆಕ್ಯಾನಿಕ್ಸ್ ಓದಿದ ನಿಮಗೆ ಇದರ ಕಾರಣ ಹೇಳಬೇಕಾಗಿಲ್ಲ. ಡಾಕ್ಟರಿಗೆ ಆ ಹತ್ತು ಸೆಕೆಂಡಿನ ವಿಡಿಯೋ ನಮ್ಮ ಹತ್ತು ಮಾತಿಗಿಂತ ಹೆಚ್ಚು.

ಎರಡನೆಯದು, ಒಂದು ಹಾಳೆ. ಯಾವ ದಿನ ಏನಾಯಿತು, ಯಾವ ಔಷಧ, ಎಷ್ಟು ಮಿಲಿಗ್ರಾಮ್, ಎಷ್ಟು ದಿನ. ಮನೆಮದ್ದು, ಮನುಷ್ಯರ ಗುಳಿಗೆ, ಎಲ್ಲಾ ಬರೆಯಿರಿ. ಬೈಸಿಕೊಂಡರೂ ಪರವಾಗಿಲ್ಲ. ಹಳೆಯ ಎಕ್ಸ್‌ರೇ, ರಕ್ತದ ರಿಪೋರ್ಟ್ ಇದ್ದರೆ ಒಯ್ಯಿರಿ.

ಮೂರನೆಯದು, ಪ್ರಶ್ನೆ ಕೇಳಿ. ಮೊದಲನೇ ಡಾಕ್ಟರಿಗೂ ಇವನ್ನೇ ಕೇಳಬಹುದು. ಇದಲ್ಲದೆ ಮತ್ತೇನಿರಬಹುದು? ಅದು ಅಲ್ಲ ಅಂತ ಹೇಗೆ ಗೊತ್ತಾಯಿತು? ಎಷ್ಟು ದಿನದಲ್ಲಿ ಗುಣ ಕಾಣದಿದ್ದರೆ ಮತ್ತೆ ಬರಬೇಕು? ವೈವಾದಲ್ಲಿ ನಮ್ಮನ್ನು ಕೇಳಿದಂತೆ ಗತ್ತಿನಿಂದ ಬೇಡ, ತಿಳಿದುಕೊಳ್ಳುವ ಆಸೆಯಿಂದ ಕೇಳಿ.

ಎಲ್ಲಿಗೆ ಹೋಗಬೇಕು? ಕಿತ್ತೂರಿನವರಿಗೆ ಹೆದ್ದಾರಿ ಹಿಡಿದರೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ. ಬೈಲಹೊಂಗಲದವರಿಗೂ ಅವೇ ಎರಡು ದಾರಿ, ಸವದತ್ತಿಯವರಿಗೆ ಧಾರವಾಡ ಹತ್ತಿರ. ರಾಮದುರ್ಗದವರಿಗೆ ಎರಡೂ ದೂರ. ಗದಗ ಮತ್ತು ಅಥಣಿಯಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅದು ನೆನಪಿರಲಿ. ಓಡಾಡುವುದು ಆಗದಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ, "ಸರ್, ನಾಯಿಗಳನ್ನ ಹೆಚ್ಚು ನೋಡೋ ಡಾಕ್ಟ್ರು ಯಾರಾದ್ರೂ ಗೊತ್ತದಾರೇನ್ರಿ? ವಿಡಿಯೋ ಕಳಿಸಿ ಕೇಳಬಹುದಾ?" ಅಂತ. ಬಹಳಷ್ಟು ಡಾಕ್ಟರುಗಳು ಬೇಡ ಅನ್ನುವುದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಎರಡನೇ ಅಭಿಪ್ರಾಯ ಅಂದರೆ ನಮಗೆ ಬೇಕಾದ ಉತ್ತರ ಸಿಗುವವರೆಗೂ ಊರೂರು ತಿರುಗುವುದಲ್ಲ. ಇಬ್ಬರೂ ಒಂದೇ ಮಾತು ಹೇಳಿದರೆ, ಅದು ಕಹಿಯಾಗಿದ್ದರೂ ನಂಬಬೇಕು. ಎಷ್ಟೋ ಸಲ ಎರಡನೇ ಡಾಕ್ಟರು "ಮೊದಲಿನವರು ಹೇಳಿದ್ದೇ ಸರಿ" ಅನ್ನುತ್ತಾರೆ. ಆಗ ರೊಕ್ಕ ಹಾಳಾಯಿತು ಅಂತ ತಿಳಿಯಬೇಡಿ, ಅನುಮಾನ ಹೋಯಿತು ಅಂತ ತಿಳಿಯಿರಿ. ಕಾಲು ಒಮ್ಮೆಲೇ ಪೂರ್ತಿ ಊರದಂತಾದರೆ, ಬಾತುಕೊಂಡರೆ, ಹಿಂದಿನ ಎರಡೂ ಕಾಲು ಬಿದ್ದುಹೋದರೆ ಎರಡನೆಯವರನ್ನು ಹುಡುಕುತ್ತಾ ಕೂರದೆ ಹತ್ತಿರ ಇರುವವರ ಬಳಿ ಮೊದಲು ಓಡಿ.

ಅಪ್ಪನಿಗೆ ಕೊನೆಯವರೆಗೂ ಇದ್ದ ಚಿಂತೆ ಒಂದೇ, "ನಮ್ಮ ಡಾಕ್ಟ್ರಿಗೆ ಏನ ಅನ್ಸತೈತೋ." ನಾನು ಹಾಸ್ಟೆಲ್ಲಿಗೆ ವಾಪಸ್ ಬಂದ ಮೇಲೆ ಎಮ್ಮೆಗೆ ಲಸಿಕೆ ಹಾಕಿಸಲು ಹೋದಾಗ ಅವರೇ ಎಲ್ಲಾ ಹೇಳಿಬಿಟ್ಟರಂತೆ, ಗುಳಿಗೆಯ ಕಥೆ ಸಮೇತ. ಡಾಕ್ಟ್ರು ಗುಳಿಗೆಗೆ ಬೈದರಂತೆ. ಧಾರವಾಡಕ್ಕೆ ಹೋಗಿದ್ದಕ್ಕೆ ಬೈಯಲಿಲ್ಲ. "ಆ ಎಕ್ಸ್‌ರೇ ನನಗೂ ತಂದು ತೋರಸ್ರಿ" ಅಂದರಂತೆ. ಈಗ ತಿಂಗಳಿಗೊಮ್ಮೆ ಮೋತ್ಯಾನನ್ನು ನೋಡುವವರು ಅವರೇ.

ಮೋತ್ಯಾ ಇನ್ನೂ ಸ್ವಲ್ಪ ಕುಂಟುತ್ತಾನೆ. ಅಗಸಿವರೆಗೆ ಓಡಿ ಬರುವ ದಿನ ಮತ್ತೆ ಬರಲಿಕ್ಕಿಲ್ಲ. ಆದರೆ ಮೊನ್ನೆ ಅವ್ವ ಫೋನಿನಲ್ಲಿ ಹೇಳಿದಳು, ಅವನು ತಾನಾಗಿಯೇ ಕಟ್ಟೆ ಹತ್ತಿ ಮಲಗಿದನಂತೆ. ಪಕ್ಕದಲ್ಲಿ ಕಾಕಾ ಕುಂತಿದ್ದನಂತೆ.

ಸೆಮಿಸ್ಟರ್ ಮುಗಿದು ಊರಿಗೆ ಹೋದಾಗ ನಿಮ್ಮ ಮನೆಯ ಮುದಿ ನಾಯಿಯನ್ನು ಒಮ್ಮೆ ನಡೆಸಿ ನೋಡಿ. ಕುಂಟುತ್ತಿದ್ದರೆ ಯಾಕೆ ಅಂತ ಕೇಳಿ. "ವಯಸ್ಸಾತು" ಅಂದರೆ, ಇನ್ನೊಬ್ಬರನ್ನು ಕೇಳಿ.