ಹೊಟ್ಟೆ ಕೊಯ್ಸಿಕೊಂಡು ಭುಜ ಹಿಡ್ಕೊಂಡು ಕೂತವಳು

ಎರಡು ಕಂತು ಈ ಅಂಕಣ ಬರಲಿಲ್ಲ. ಊರಿಗೆ ಹೋಗಿದ್ದೆ ಅಂತ ಬರೆದು ದಾಟಿಬಿಡಬಹುದಿತ್ತು. ಆಫೀಸಿನಲ್ಲಿ ಹೇಳಿದ್ದು ಹಾಗೇ. ನೆಂಟರಿಗೆಲ್ಲ ಅಮ್ಮ ‘ಹರ್ನಿಯಾ ಆಪರೇಷನ್ನು’ ಅಂದಿದ್ದಾಳೆ. ಇದನ್ನು ಓದ್ತಿರೋ ನೆಂಟರೇ, ಹರ್ನಿಯಾ ಅಲ್ಲ. ನಾನು ತೂಕ ಇಳಿಸೋ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಮದುವೆಗೋಸ್ಕರವೂ ಅಲ್ಲ.

118 ಕೆ.ಜಿ. ಇದ್ದೆ, ಬಿಎಂಐ 43. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಎದ್ದು ಕೂರ್ತಿದ್ದೆ, ಬೆಳಗ್ಗೆ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ತೂಕಡಿಸ್ತಿದ್ದೆ. ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಾಲಿನ ಬೆರಳು, ಆಮೇಲೆ ಪಾದ ಕಳಕೊಂಡು 58ಕ್ಕೇ ಹೋದರು. ಕಳೆದ ವರ್ಷ ನನ್ನ ರಿಪೋರ್ಟಿನಲ್ಲೂ ಸಕ್ಕರೆ ಬಂತು. ಜಿಮ್ಮು, ರಾಗಿ ಗಂಜಿ, ಒಂದು ಹೊತ್ತು ಉಪವಾಸ, ಕೋಲ್ಸ್ ಪಾರ್ಕಿನ ಸುತ್ತು, ಎಲ್ಲ ಹತ್ತು ವರ್ಷ ಮಾಡಿದ್ದೆ. ಪ್ರತಿ ಸಲ ಎಂಟು ಕೆ.ಜಿ. ಇಳಿದು ಹನ್ನೆರಡು ಏರ್ತಿತ್ತು. ಅದರ ಕಥೆ ಹಿಂದೆ ಬರೆದಿದ್ದೇನೆ, ಮತ್ತೆ ಬೇಡ.

ಇವತ್ತು ಬರೀಬೇಕಾಗಿರೋದು ಮೊದಲ ಮೂರು ರಾತ್ರಿಗಳ ಬಗ್ಗೆ. ಯಾಕಂದ್ರೆ ಆಪರೇಷನ್ನಿಗೆ ಮುಂಚೆ ನಾನು ನೋಡಿದ ವಿಡಿಯೋಗಳಲ್ಲೆಲ್ಲ ಎಡಗಡೆ ದಪ್ಪ, ಬಲಗಡೆ ಸಣ್ಣ. ಮಧ್ಯದ ಆ ಗೀಟಿನಲ್ಲಿ ಏನಿರುತ್ತೆ ಅಂತ ಯಾರೂ ತೋರಿಸಿರಲಿಲ್ಲ.

ಮೊದಲು ಕಿವಿಗೆ ಬಿದ್ದದ್ದು ನನ್ನ ಹೆಸರು. ದೂರದಿಂದ ಯಾರೋ ಕೂಗ್ತಿದ್ದಾರೆ, ‘ಮೇಡಂ, ಕಣ್ ಬಿಡಿ, ಉಸಿರು ಎಳೀರಿ.’ ಕಣ್ಣು ಬಿಡೋಕೆ ಇಷ್ಟವಿಲ್ಲ. ಗಂಟಲು ಕೆರೆದ ಹಾಗೆ ಉರಿ. ಅರಿವಳಿಕೆ ಕೊಟ್ಟಾಗ ಉಸಿರಾಟಕ್ಕೆ ಟ್ಯೂಬು ಹಾಕಿರ್ತಾರಲ್ಲ, ಅದರ ಗುರುತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿದೆ. ನೀರು ಅಂದೆ. ಇಲ್ಲ ಅಂದರು. ಒದ್ದೆ ಮಾಡಿದ ಹತ್ತಿಬಟ್ಟೆಯಲ್ಲಿ ತುಟಿ ಒರೆಸಿದರು. ಅಷ್ಟರಲ್ಲಿ ಹೊಟ್ಟೆಯ ಒಳಗಿಂದ ಯಾರೋ ಹಗ್ಗ ಹಿಡಿದು ಜಗ್ಗಿದ ಹಾಗಾಯ್ತು, ಒಂದು ಓಕರಿಕೆ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಓಕರಿಕೆ ಬಂದರೆ ಹೇಗಿರುತ್ತೆ ಅನ್ನೋದನ್ನು ಎರಡು ಸಿಸೇರಿಯನ್ ಆದ ನನ್ನ ಅಕ್ಕ ಮಾತ್ರ ಸರಿಯಾಗಿ ಹೇಳಬಲ್ಲಳು. ನಾನು ಹೇಳೋದಿಷ್ಟೇ, ಆ ಕ್ಷಣದಲ್ಲಿ ನನಗೆ ಬಂದ ಯೋಚನೆ ‘ಯಾಕಾದ್ರೂ ಮಾಡಿಸ್ಕೊಂಡೆ’ ಅನ್ನೋದೊಂದೇ.

ನನಗೆ ಆಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಮೇಲೆ ಐದು ಸಣ್ಣ ತೂತು ಮಾಡಿ, ಒಳಗೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ನಳಿಗೆ ಉಳಿಸ್ತಾರೆ. ಅಂಚಿಗೆ ಉದ್ದಕ್ಕೂ ಪಿನ್ನು ಹೊಡೆದಿರ್ತಾರೆ. ಆ ನಳಿಗೆ ಮೊದಲ ದಿನಗಳಲ್ಲಿ ಊದಿಕೊಂಡಿರೋದ್ರಿಂದ ನಮ್ಮದೇ ಎಂಜಲು ಕೂಡ ಇಳಿಯೋಕೆ ಒದ್ದಾಡುತ್ತೆ. ವಾಕರಿಕೆಗೆ ಒಂದು ಕಾರಣ ಅದು. ಇನ್ನೊಂದು ಅರಿವಳಿಕೆ. ಜರ್ಮನಿಯ ಅರಿವಳಿಕೆ ವೈದ್ಯ ಕ್ರಿಶ್ಚಿಯನ್ ಆಪ್ಫೆಲ್ ಮತ್ತವರ ಸಂಗಡಿಗರು 1999ರಲ್ಲಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಹೆಂಗಸಾಗಿದ್ದರೆ ಒಂದು ಅಂಕ, ಸಿಗರೇಟು ಸೇದದಿದ್ದರೆ ಒಂದು, ಪ್ರಯಾಣದಲ್ಲಿ ವಾಂತಿ ಮಾಡೋ ಅಭ್ಯಾಸವಿದ್ದರೆ ಒಂದು, ಆಪರೇಷನ್ ಆದಮೇಲೆ ಅಫೀಮಿನ ಜಾತಿಯ ನೋವಿನ ಮದ್ದು ಕೊಡೋದಿದ್ದರೆ ಒಂದು. ನಾಲ್ಕಕ್ಕೆ ನಾಲ್ಕು ಬಂದವರಲ್ಲಿ ಸುಮಾರು 80% ಜನಕ್ಕೆ ವಾಂತಿ, ವಾಕರಿಕೆ ಆಗುತ್ತೆ. ಇಂಜಿನಿಯರಿಂಗಿನಲ್ಲಿ ನನಗೆ ಯಾವತ್ತೂ ನೂರಕ್ಕೆ ನೂರು ಬಂದಿರಲಿಲ್ಲ. ಇಲ್ಲಿ ಬಂತು.

ಪ್ರಯಾಣದ ವಾಂತಿ ವಿಷಯಕ್ಕೆ ಬಂದ್ರೆ, ನಾವು ಹಾಸನದ ಕಡೆಯವರು. ಧರ್ಮಸ್ಥಳಕ್ಕೆ ಹೋಗಬೇಕಂದ್ರೆ ಘಾಟಿ ಇಳೀಲೇಬೇಕು. ಮೊದಲ ತಿರುವಿಗೇ ನಾನು ಕಿಟಕಿಯಿಂದ ತಲೆ ಹೊರಗೆ ಹಾಕ್ತಿದ್ದೆ. ಅಮ್ಮ ಮನೆಯಿಂದಲೇ ಒಂದು ನಿಂಬೆಹಣ್ಣು ತಂದು ಮುಷ್ಟಿಯಲ್ಲಿ ಇಡ್ತಿದ್ದಳು. ಉಗುರಿನಿಂದ ಗೀರೋದು, ಮೂಸೋದು. ಅರಿವಳಿಕೆ ಡಾಕ್ಟರು ಹಿಂದಿನ ದಿನ ಬಂದು ‘ಬಸ್ಸಲ್ಲಿ ವಾಂತಿ ಆಗುತ್ತಾ?’ ಅಂತ ಕೇಳಿದಾಗ ನಾನು ದೊಡ್ಡ ಮನುಷ್ಯಳ ಹಾಗೆ ‘ಚಿಕ್ಕವಳಿದ್ದಾಗ’ ಅಂದುಬಿಟ್ಟೆ. ಅಮ್ಮ ಪಕ್ಕದಿಂದ, ‘ಹೋದ ವರ್ಷನೂ ಆಯ್ತಲ್ಲೇ’ ಅಂದಳು. ಅವಳು ಹೇಳಿದ್ದು ಒಳ್ಳೇದೇ ಆಯ್ತು. ವಾಂತಿ ತಡೆಯೋಕೆ ಎರಡು ಮೂರು ಬೇರೆ ಬೇರೆ ಮದ್ದು ಮುಂಚೇನೇ ಕೊಟ್ಟರು. ಹಾಗಿದ್ದೂ ಇಷ್ಟು. ಕೊಡದಿದ್ದರೆ ಇನ್ನೆಷ್ಟಾಗ್ತಿತ್ತೋ.

ಮೊದಲ ರಾತ್ರಿಯ ಅಚ್ಚರಿ ಬೇರೆಯೇ ಇತ್ತು. ಕೊಯ್ದಿದ್ದು ಹೊಟ್ಟೆ, ಪ್ರಾಣ ಹೋಗ್ತಿದ್ದದ್ದು ಭುಜ. ಎಡ ಭುಜದ ತುದಿಯಲ್ಲಿ ಯಾರೋ ಸಲಾಕೆ ಇಟ್ಟು ತಿರುಗಿಸಿದ ಹಾಗೆ. ಮಲಗಿಸುವಾಗ ಕೈ ಉಳುಕಿಸಿಬಿಟ್ಟಿದ್ದಾರೆ ಅಂತ ನಾನು ಮನಸ್ಸಿನಲ್ಲೇ ಜಗಳಕ್ಕೆ ತಯಾರಾಗಿದ್ದೆ. ಅಮ್ಮ ನೋಡಿ, ‘ವಾಯು ಕಣೇ ಅದು’ ಅಂದಳು. ನಮ್ಮಮ್ಮನಿಗೆ ಜಗತ್ತಿನ ಎಲ್ಲ ಕಾಯಿಲೆಯೂ ವಾಯುವೇ. ಆದರೆ ಈ ಸಲ ಅವಳೇ ಸರಿ! ದುರ್ಬೀನು ಹಾಕಿ ಮಾಡೋ ಆಪರೇಷನ್ನಿನಲ್ಲಿ ಒಳಗೆ ಜಾಗ ಆಗಲಿ ಅಂತ ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಬಲೂನಿನ ಹಾಗೆ ಉಬ್ಬಿಸ್ತಾರೆ. ಮುಗಿದ ಮೇಲೆ ಬಿಟ್ಟರೂ ಸ್ವಲ್ಪ ಉಳಿಯುತ್ತೆ. ಅದು ವಪೆಯನ್ನು ಕೆರಳಿಸುತ್ತೆ. ವಪೆಯ ನರ ಹೊರಡೋದು ಕುತ್ತಿಗೆಯಿಂದ, ಭುಜದ ಸುದ್ದಿ ಒಯ್ಯೋ ನರಗಳ ಪಕ್ಕದಿಂದಲೇ. ಮೆದುಳಿಗೆ ವಿಳಾಸ ತಪ್ಪಿ, ನೋವು ಭುಜದ್ದು ಅಂತ ದಾಖಲಾಗುತ್ತೆ. ಕರುಳಿನ ವಾಯು ಅಲ್ಲವಾದ್ದರಿಂದ ಇಂಗು, ಓಮದ ನೀರು ಕೆಲಸಕ್ಕೆ ಬರಲ್ಲ. ನಡೀಬೇಕು. ಒಂದೆರಡು ದಿನದಲ್ಲಿ ಮೈಯೇ ಅದನ್ನು ಹೀರಿಕೊಂಡು ಉಸಿರಿನಲ್ಲಿ ಹೊರಗೆ ಹಾಕುತ್ತೆ.

ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂತ ಗಂಟೆಗೊಮ್ಮೆ ಕೇಳ್ತಿದ್ದರು. ನಾನು ಪ್ರತಿ ಸಲ ‘ಐದು’ ಅಂದೆ. ಕೆಲಸದಲ್ಲಿ ಅಭ್ಯಾಸ ನೋಡಿ, ಎಲ್ಲ ಬಗ್ಗನ್ನೂ ಅತಿ ತುರ್ತು ಅಂತ ಹಾಕಿದರೆ ಜನ ನಂಬಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ನನ್ನ ಮುಖ ನೋಡಿ, ಮಲಯಾಳಿ ಕನ್ನಡದಲ್ಲಿ, ‘ಐದು ಅಂತ ಹೇಳ್ತೀರಿ, ಉಸಿರು ಮಾತ್ರ ಮೇಲಿಂದ ಮೇಲೆ ತಗೊಳ್ತೀರಿ. ಇದು ಎಂಟು’ ಅಂದರು. ನೋವಿಗೆ ಹೆದರಿ ಆಳವಾಗಿ ಉಸಿರಾಡದೆ, ಕೆಮ್ಮದೆ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಮರ್ಯಾದೆಗೆ ಕಡಿಮೆ ಹೇಳೋದು ಬೇಡ ಅಂತ ಬೈದರು. ಮದ್ದು ಏರಿಸಿ, ಮೂರು ಚೆಂಡು ಇರೋ ಆ ಊದುವ ಆಟಿಕೆ ಕೊಟ್ಟು, ಊದೋದಲ್ಲ ಎಳೆಯೋದು ಅಂತ ಕಲಿಸಿದರು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮಿದರೆ ನೋವು ಅರ್ಧ. ಈ ದಿಂಬಿನ ಉಪಾಯವನ್ನು ಯಾವ ಆಪರೇಷನ್ ಆದವರಿಗಾದರೂ ಹೇಳಿ.

ಅದೇ ಸಿಸ್ಟರ್ ರಾತ್ರಿ ಎರಡರ ಹೊತ್ತಿಗೆ, ಬರಿ ನೊರೆ ಕಕ್ಕುತ್ತಾ ಕೂತಿದ್ದವಳ ಮೂಗಿಗೆ ಇಂಜೆಕ್ಷನ್ ಚುಚ್ಚುವ ಮುಂಚೆ ಒರೆಸೋ ಸ್ಪಿರಿಟ್ ತುಂಡನ್ನು ಹಿಡಿದರು. ನಿಧಾನ ಮೂಸಿ ಅಂದರು. ಎರಡೇ ನಿಮಿಷ, ಓಕರಿಕೆ ಸಡಿಲವಾಯ್ತು. ಆಮೇಲೆ ಓದಿದರೆ, ಇದರ ಮೇಲೆ ಅಧ್ಯಯನಗಳೇ ನಡೆದಿವೆ. ಬೆಳಗ್ಗೆ ಅಮ್ಮನಿಗೆ ಹೇಳಿದೆ. ಅವಳು ಚೀಲಕ್ಕೆ ಕೈ ಹಾಕಿ ಒಂದು ನಿಂಬೆಹಣ್ಣು ತೆಗೆದಳು. ಕಾಕ್ಸ್ ಟೌನ್ ಮಾರ್ಕೆಟ್ಟಿನಲ್ಲಿ ಮೊದಲೇ ಕೊಂಡಿಟ್ಟುಕೊಂಡಿದ್ದಳಂತೆ, ಡಾಕ್ಟರು ಬೈದಾರು ಅಂತ ತೋರಿಸಿರಲಿಲ್ಲ. ಮೂಸೋಕೆ ಯಾರ ಅಪ್ಪಣೆ? ಉಳಿದೆರಡು ದಿನ ಅದು ನನ್ನ ಮುಷ್ಟಿಯಲ್ಲೇ ಇತ್ತು.

ಅಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವಳಿಗೆ ಇದು ಬೇಡವಾಗಿತ್ತು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ಅವಳ ತಲೆಯಲ್ಲಿ ಕೂತಿತ್ತು. ಆ ಹುಡುಗಿಗೆ 21 ವರ್ಷ. ಅದು ಚರ್ಮದಡಿಯ ಕೊಬ್ಬು ತೆಗೆಯೋದು, ಇದು ಜಠರದ ಆಪರೇಷನ್ನು, ಎರಡೂ ಬೇರೆ ಅಂತ ನಾನು ಚಿತ್ರ ಬರೆದು ವಿವರಿಸಿದ್ದೆ. ‘ಬೇರೆಯಾದ್ರೆ ಏನು, ಒಳಕ್ಕೆ ಹೋಗೋದು ಹೋಗೋದೇ ಅಲ್ವಾ’ ಅಂದಿದ್ದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಅಪಾಯವೇ ಇಲ್ಲದ ಆಪರೇಷನ್ನು ಯಾವುದೂ ಇಲ್ಲ. ಎರಡನೇ ರಾತ್ರಿ ನೋವು, ವಾಕರಿಕೆ ಎರಡೂ ಒಟ್ಟಿಗೆ ಏರಿದಾಗ ನಾನು ಅವಳ ಮೇಲೆಯೇ ಹರಿಹಾಯ್ದೆ. ‘ನೀನ್ಯಾಕೆ ಬಿಟ್ಟೆ ನನ್ನ, ಗಟ್ಟಿಯಾಗಿ ಬೇಡ ಅನ್ನಬೇಕಿತ್ತು.’ ಮೂರು ತಿಂಗಳು ಬೇಡ ಬೇಡ ಅಂದವಳಿಗೆ ಹೇಳೋ ಮಾತಾ ಅದು? ಅವಳು ಜಗಳಾಡಲಿಲ್ಲ. ‘ನಿಮ್ಮಪ್ಪನಿಗೆ ಗಟ್ಟಿಯಾಗಿ ಹೇಳಿದ್ದೆ. ಕೇಳಿದ್ರಾ?’ ಅಂದು, ನನ್ನ ಕಾಲಿನ ಬಿಗಿ ಸಾಕ್ಸು ಸರಿಮಾಡಿ, ‘ಏಳು, ಆ ಮೂಲೆತನಕ ಹೋಗಿ ಬರೋಣ’ ಅಂದಳು. ಸಲೈನ್ ಸ್ಟ್ಯಾಂಡನ್ನು ಅವಳೇ ತಳ್ಳಿದಳು. ರಕ್ತ ಹೆಪ್ಪುಗಟ್ಟಬಾರದು ಅಂತ ಆಪರೇಷನ್ ಆದ ಕೆಲವೇ ಗಂಟೆಯಲ್ಲಿ ನಡೆಸ್ತಾರೆ. ಹನ್ನೆರಡು ಹೆಜ್ಜೆಗೆ ನನಗೆ ಬೆವರು, ಅವಳಿಗೆ ಮಂಡಿನೋವು. ಎರಡು ಸುತ್ತು ಹಾಕಿದ್ವಿ.

ಮೂರನೇ ದಿನ ಮನೆಗೆ ಕಳಿಸಿದರು. ಕ್ಯಾಬಿನಲ್ಲಿ ಸೀಟ್‌ಬೆಲ್ಟಿನ ಕೆಳಗೆ ಅದೇ ದಿಂಬು. ವೀಲರ್ ರಸ್ತೆಯಲ್ಲಿ ಬೇಕರಿಯ ಬಿಸಿ ಬನ್ನಿನ ವಾಸನೆ ಬಂತು. ಹತ್ತು ವರ್ಷದಿಂದ ಆ ವಾಸನೆಗೆ ನಾನು ಸೋಲದ ದಿನವಿಲ್ಲ. ಅವತ್ತು ಕಿಟಕಿ ಏರಿಸಿ ನಿಂಬೆಹಣ್ಣು ಮೂಸಿದೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ಹಸಿವಿಲ್ಲದ ನಾನು ಯಾರೋ ಬೇರೆಯವಳ ಮೈಯಲ್ಲಿ ಕೂತ ಹಾಗಿತ್ತು. ಖುಷಿಯೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ಕೆಲಸ ಒಂದೇ, ನೀರು ಕುಡಿಯೋದು. ಔಷಧಿ ಕಪ್ಪಿನಲ್ಲಿ 30 ಎಂ.ಎಲ್., ಕಾಲು ಗಂಟೆಗೊಮ್ಮೆ. ದಿನಕ್ಕೆ ಒಂದೂವರೆ ಲೀಟರ್ ಆಗಬೇಕಂದ್ರೆ 50 ಕಪ್ಪು, ಹನ್ನೆರಡೂವರೆ ಗಂಟೆ. ಗುಟುಕು ದೊಡ್ಡದಾದರೆ ಎದೆಯಲ್ಲಿ ಕಲ್ಲು ಸಿಕ್ಕ ಹಾಗೆ ನೋವು, ಆಮೇಲೆ ನೊರೆ. ಅಮ್ಮ ಬೇಳೆಕಟ್ಟು ಸೋಸಿ ಕೊಟ್ಟಳು. ಪಾಪ, ಅಭ್ಯಾಸಬಲದಿಂದ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದಳು, ವಾಸನೆಗೇ ಬಚ್ಚಲಿಗೆ ಓಡಿದೆ. ಕೆಳಗಿನ ಮನೆಯ ಓನರ್ ಆಂಟಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು, ಹೀಗೇ ತೂತು ಮಾಡಿ. ಅವರು ಮೇಲೆ ಬಂದು ನಾನು ಕೂತ ಭಂಗಿ ನೋಡಿದ್ದೇ, ‘ತೋಳ್ ವಲಿಯಾ?’ ಅಂದರು. ಒಗ್ಗರಣೆಯಿಲ್ಲದ ಮೆಣಸಿನ ರಸಂ ತಿಳಿ ಅವರ ಸಲಹೆ. ಡಯಟೀಶಿಯನ್ನಿಗೆ ಫೋನು ಮಾಡಿ ಕೇಳಿದೆ, ಕಾರ ಬೇಡ, ಉಪ್ಪು ನೀರಿನ ಹಾಗಿದ್ದರೆ ಆಗಬಹುದು ಅಂದರು. ಅಮ್ಮ ಹಾಸನದ ಕನ್ನಡದಲ್ಲಿ, ಆಂಟಿ ಕಂಟೋನ್ಮೆಂಟಿನ ತಮಿಳಿನಲ್ಲಿ ಒಂದು ಗಂಟೆ ನನ್ನ ಬಗ್ಗೆ ಮಾತಾಡಿಕೊಂಡರು. ಇಬ್ಬರಿಗೂ ಪೂರ್ತಿ ಅರ್ಥವಾಯ್ತು.

ಐದನೇ ರಾತ್ರಿ ಮಾತ್ರ ನಿಜವಾಗಿ ಹೆದರಿದ್ದು. ಮಲಗಿದ್ದರೂ ವಾಚು ನಾಡಿ 112 ಅಂತಿತ್ತು. ಮನೆಗೆ ಹೋಗುವಾಗ ಕೊಟ್ಟ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು: ನಾಡಿ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆನೋವು ಕಡಿಮೆಯಾಗೋ ಬದಲು ಏರ್ತಾ ಹೋದರೆ, ಕಡಿಮೆಯಾಗಿದ್ದ ಎಡ ಭುಜದ ನೋವು ಹೊಸದಾಗಿ ಶುರುವಾದರೆ, ಕಾಲಿನ ಮೀನಖಂಡ ಊದಿದರೆ, ಉಸಿರು ಸಿಗದಿದ್ದರೆ ತಕ್ಷಣ ಬನ್ನಿ. ಪಿನ್ನಿನ ಸಾಲು ಸೋರಿದರೆ ಮೊದಲು ಗೊತ್ತಾಗೋದು ಹೆಚ್ಚಾಗಿ ನಾಡಿಯಲ್ಲೇ. 112, 120 ಅಲ್ಲ ಅಂತ ನಾನು ವಾದ ಮಾಡ್ತಿದ್ದೆ. ಅಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸ್ಕ್ಯಾನ್ ಮಾಡಿದರು, ಸೋರಿಕೆ ಇಲ್ಲ. ಬರಿ ನೀರು ಸಾಲದೆ ಬಂದದ್ದು. ಆ ದಿನ ನಾನು 50ರಲ್ಲಿ 22 ಕಪ್ಪು ಮಾತ್ರ ಕುಡಿದಿದ್ದೆ, ಉಳಿದದ್ದನ್ನು ವಾಕರಿಕೆಗೆ ಹೆದರಿ ಗಿಡಕ್ಕೆ ಹಾಕಿದ್ದೆ. ಸಲೈನಿನ ಜೊತೆ ಬಿ1 ಜೀವಸತ್ವವೂ ಹೋಯ್ತು. ವಾಂತಿ ಹೀಗೇ ದಿನಗಟ್ಟಲೆ ನಡೆದರೆ ಅದು ಕಡಿಮೆಯಾಗಿ ನರಕ್ಕೇ ಪೆಟ್ಟು ಬೀಳುತ್ತಂತೆ. ಸುಮ್ಮನೆ ಸಹಿಸಿಕೊಂಡು ಮಲಗೋ ವಿಷಯ ಅಲ್ಲ ಅದು.

ಬೆಳಗಿನ ಜಾವ ಮನೆಗೆ ಬಂದ್ವಿ. ಬೆಂಗಳೂರು ಈಸ್ಟ್ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು. ಗಿಡದ ವಿಷಯ ಅಮ್ಮನಿಗೆ ಡಾಕ್ಟರೆದುರೇ ಗೊತ್ತಾಗಿತ್ತು. ಏನೂ ಅನ್ನಲಿಲ್ಲ. ತನ್ನ ಬ್ಯಾಗಿನ ಅಡಿಯಿಂದ ಕರ್ಚೀಫಿನಲ್ಲಿ ಸುತ್ತಿದ ಏನನ್ನೋ ತೆಗೆದಳು. ಬೆಳ್ಳಿ ಒಳಲೆ. ಅಕ್ಕನಿಗೂ ನನಗೂ, ಆಮೇಲೆ ಅಕ್ಕನ ಮಕ್ಕಳಿಗೂ ಹಾಲು ಕುಡಿಸಿದ್ದು. ಇದನ್ನ ಯಾಕೆ ತಂದೆ ಅಂದೆ.

‘ಯಾಕೋ ತಂದೆ’ ಅಂದಳು. ಔಷಧಿ ಕಪ್ಪಿನಿಂದ ಒಳಲೆಗೆ ನೀರು ಸುರಿದು ಅಳೆದು ನೋಡಿದಳು. ಒಂದು ಕಪ್ಪಿಗೆ ಎರಡು ಒಳಲೆ. ‘ಗುಟುಕು ದೊಡ್ಡದಾಗೋ ಭಯ ಇಲ್ಲ. ತೆಗಿ ಬಾಯಿ.’

ನಾಚಿಕೆಯಾಯ್ತು, ತೆಗೆದೆ. ಅವತ್ತು ರಾತ್ರಿ ಒಂಬತ್ತೂವರೆಗೆ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಅಮ್ಮ ಎಳೆದ ಗೀಟುಗಳು 51 ಇದ್ದವು. ಒಂದು ಜಾಸ್ತಿ ಆಯ್ತಲ್ಲ ಅಂದ್ರೆ, ಅದು ನಿನ್ನೆಯ ಬಾಕಿ ಅಂದಳು.