ಕಲ್ನಾರಿನ ಧೂಳು: ಸಂಘಗಳು ದಾಖಲೆ ಇಡಲಿ

ವಿಜಯಪುರ, ಕಲಬುರಗಿ ಕಡೆಯಿಂದ ದುಡಿಮೆ ಅರಸಿ ಬಂದು ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರಲ್ಲಿ ಹಲವರಿಗೆ ಸಿಗುವುದು ಗ್ಯಾರೇಜು ಅಥವಾ ಕಟ್ಟಡದ ಕೆಲಸ. ಹಳೆಯ ಬ್ರೇಕ್ ಲೈನರ್ ಉಜ್ಜುವಾಗ, ಛಾವಣಿಯ ಸಿಮೆಂಟ್ ಶೀಟು ಕತ್ತರಿಸುವಾಗ ಏಳುವ ಧೂಳಿನಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ಎಳೆಗಳಿರಬಹುದು. ಕಣ್ಣಿಗೆ ಕಾಣದ ಈ ಎಳೆಗಳು ಆಸ್ಬೆಸ್ಟೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೂ ಕ್ಯಾನ್ಸರಿಗೂ ಕಾರಣವಾಗುತ್ತವೆ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು.

ರೋಗ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20ರಿಂದ 40 ವರ್ಷಗಳ ನಂತರ. ಅಷ್ಟರಲ್ಲಿ ಕಾರ್ಮಿಕ ಊರು ಸೇರಿರುತ್ತಾನೆ. ದಮ್ಮಿಗೆ ಔಷಧ ಬರೆಯುವ ಅಲ್ಲಿನ ವೈದ್ಯರಿಗೆ ಆತನ ಹಿಂದಿನ ಕೆಲಸ ತಿಳಿದಿರುವುದಿಲ್ಲ. ಪರಿಹಾರ ಕೇಳಲು ಪುರಾವೆಯೂ ಇರುವುದಿಲ್ಲ.

ಆಸ್ಬೆಸ್ಟಾಸ್ ಉದ್ದಿಮೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಆದೇಶಿಸಿತು. ಆದರೆ ನಾಲ್ಕು ಜನರ ಗ್ಯಾರೇಜಿನಲ್ಲಿ ಇದನ್ನು ಬರೆದಿಡುವವರು ಯಾರು?

ಈ ಕೊರತೆಯನ್ನು ಕನ್ನಡ ಸಂಘಗಳು ತುಂಬಬಹುದು. ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವುದರ ಜೊತೆಗೆ ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಎಂಬುದನ್ನು ಕಾರ್ಡಿನಲ್ಲಿ ಬರೆದು ಕಾರ್ಮಿಕರ ಕೈಗೆ ಕೊಡಬೇಕು. ಒಂದು ಪ್ರತಿ ಸಂಘದಲ್ಲಿರಲಿ. ಅಗತ್ಯವಿದ್ದವರನ್ನು ಎದೆರೋಗ ತಜ್ಞರ ಬಳಿಗೆ ಕಳಿಸಬೇಕು. ಧೂಳನ್ನು ಊದಬಾರದು, ಒದ್ದೆ ಮಾಡಿ ತೆಗೆಯಬೇಕು, ಕರವಸ್ತ್ರ ಕಟ್ಟಿದರೆ ಸಾಲದು, ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಬಾರದು ಎಂದು ಕನ್ನಡದಲ್ಲೇ ತಿಳಿಹೇಳಬೇಕು. ಸನ್ಮಾನದ ಶಾಲುಗಳಲ್ಲಿ ನಾಲ್ಕು ಕಡಿಮೆಯಾದರೂ ಈ ಕಾರ್ಡುಗಳ ಮುದ್ರಣದ ಖರ್ಚು ಹೊರಡುತ್ತದೆ. ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಈ ಬಗ್ಗೆ ಯೋಚಿಸಲಿ.