ಗಿರಣಿಯ ತಂಡ, ಮಾಲೀಕರ ಲೆಕ್ಕ

ಕಾಲ್ಚೆಂಡಾಟವೆಂದರೆ ಕಲ್ಕತ್ತೆ, ಇಲ್ಲವೇ ಗೋವೆ ಎಂದು ಅಂಗಡಿ ಕಟ್ಟೆಯ ಮೇಲೆ ವಾದ ಹೂಡುವ ಮಿತ್ರರಿಗೆ ನಾವು ಹೇಳುವುದಿಷ್ಟೆ: 1996-97ರಲ್ಲಿ ನಡೆದ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು ಪಂಜಾಬಿನ ಫಗವಾಡದ ಬಟ್ಟೆ ಗಿರಣಿಯೊಂದರ ತಂಡ. ಅದೇ ಜೆ.ಸಿ.ಟಿ., ಅಂದರೆ ಜಗತ್‌ಜಿತ್ ಕಾಟನ್ ಟೆಕ್ಸ್‌ಟೈಲ್ ಮಿಲ್ಸ್. ಹತ್ತಿಯ ಧೂಳು ಕುಡಿದು ಬದುಕುವ ನಮ್ಮ ಕಾರ್ಮಿಕ ಬಂಧುಗಳು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಹೆಸರು.

1971ರಲ್ಲಿ ಹುಟ್ಟಿದ ತಂಡವದು. ಇಂದರ್ ಸಿಂಗರಂಥವರು ಅಲ್ಲಿ ಆಡಿದರು. 1995, 1996ರಲ್ಲಿ ಫೆಡರೇಷನ್ ಕಪ್ಪು ಬಂತು. ಲೀಗ್ ಗೆದ್ದ ವರ್ಷವಂತೂ ಕೇರಳದ ವಿಜಯನ್, ಸಿಕ್ಕಿಮಿನ ಭುಟಿಯಾ ಇಬ್ಬರೂ ಒಂದೇ ಬಣ್ಣದ ಅಂಗಿ ತೊಟ್ಟು ಆಡಿದರು. ಭುಟಿಯಾ ಒಬ್ಬರೇ 14 ಗೋಲು ಹೊಡೆದರು. ಅಂಥ ಜೋಡಿಯನ್ನು ನಾವು ಮತ್ತೆ ಕಾಣಲಿಲ್ಲ. ಉತ್ಪ್ರೇಕ್ಷೆಯೆನ್ನುವವರು ಎನ್ನಲಿ.

ಆಮೇಲೆ ಇಳಿತ. 2006-07ರಲ್ಲಿ, ಮುಂದೆ ಬೆಂಗಳೂರಿನವರೇ ಆಗಿಬಿಟ್ಟ ಸುನಿಲ್ ಛೇತ್ರಿ ಅಲ್ಲಿದ್ದಾಗ, ಎರಡನೆಯ ಸ್ಥಾನಕ್ಕೇರಿ ಆಸೆ ಹುಟ್ಟಿಸಿತು. 2010-11ರಲ್ಲಿ ಕೆಳದರ್ಜೆಗೆ ಜಾರಿತು. ಸೋತ ತಂಡ ಮತ್ತೆ ಏಳುವುದುಂಟು. ಇದಕ್ಕೆ ಆ ಅವಕಾಶವೇ ಸಿಗಲಿಲ್ಲ. 2011ರ ಜೂನ್ ತಿಂಗಳಲ್ಲಿ ಕಂಪೆನಿಯವರು ತಂಡವನ್ನೇ ಮುಚ್ಚಿದರು. ಹಾಕಿದ ಹಣಕ್ಕೆ ತಕ್ಕ ಪ್ರಚಾರ ಸಿಗುತ್ತಿಲ್ಲವೆಂಬುದು ಅವರು ಕೊಟ್ಟ ಕಾರಣ.

ನಲವತ್ತು ವರ್ಷ ಖರ್ಚು ಹೊತ್ತವರನ್ನು ನಾವು ಸುಮ್ಮನೆ ಬೈಯಲಾರೆವು. ಆದರೆ ಪ್ರಚಾರವೆಂದರೆ ಇನ್ನೇನು, ಸ್ವಾಮಿ? ಆ ಗಿರಣಿಯ ಒಂದು ಗಜ ಬಟ್ಟೆಯನ್ನೂ ನಾವು ಕಂಡವರಲ್ಲ. ಅದರ ಆಟಗಾರರ ಹೆಸರುಗಳು ಇಂದಿಗೂ ನಮಗೆ ಬಾಯಿಪಾಠ.